ಕಣಜದ ಬಾಗಿಲು ತೆರೆಸಿದ ಪ್ರಸಂಗಗಳು: ಕಪ್ಪದೋಕ್ಯದ ಬರಗಾಲ ಮತ್ತು ಸಂತ ಬೆಸಿಲರು

ಕ್ರಿ.ಶ. 369ರ ಸುಮಾರಿನಲ್ಲಿ ರೋಮನ್ ಸಾಮ್ರಾಜ್ಯದ ಕಪ್ಪದೋಕ್ಯ ಪ್ರಾಂತದಲ್ಲಿ ಮಳೆ ಕೈಕೊಟ್ಟಿತು, ಬೆಳೆ ನಿಂತಲ್ಲೇ ಒಣಗಿತು, ಪ್ರಾಂತದ ಮುಖ್ಯ ಪಟ್ಟಣವಾದ ಕೈಸರೈಯದಲ್ಲಿ ಹಸಿದವರು ಬೀದಿಗೆ ಬಿದ್ದರು. ಈ ಕೈಸರೈಯವೇ ಇಂದಿನ ಟರ್ಕಿ ದೇಶದ ಕೈಸೇರಿ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಬರುವ, ಪಾಲೆಸ್ತೀನದ ಕಡಲ ದಡದ ಕೈಸರೈಯ ಬೇರೆಯೇ ಊರು. ಆಗ ಅಲ್ಲಿನ ಕ್ರೈಸ್ತ ಸಭೆಯಲ್ಲಿ ನಲವತ್ತರ ಆಸುಪಾಸಿನ ಬೆಸಿಲ್ ಎಂಬ ಪಾದ್ರಿಗಳಿದ್ದರು. ಮುಂದೆ ‘ಮಹಾ ಬೆಸಿಲ್’ ಎಂದು ಹೆಸರಾದ ಸಂತರು ಇವರೇ. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಕೇಳಿಬರುವ ‘ಬಾಸಿಲ್’ ಎಂಬ ಹೆಸರಿನ ಹಿಂದಿರುವವರೂ ಇವರೇ. ಆದರೆ ಬರ ಬಂದಾಗ ಅವರಿನ್ನೂ ಧರ್ಮಾಧ್ಯಕ್ಷರಾಗಿರಲಿಲ್ಲ (ಬಿಷಪ್). ಆ ಪಟ್ಟ ಸಿಕ್ಕಿದ್ದು 370ರಲ್ಲಿ.

ಊರಿಗೆಲ್ಲ ಸಾಲುವಷ್ಟು ಧಾನ್ಯವಾಗಲಿ, ಧಾನ್ಯವನ್ನು ವಶಪಡಿಸಿಕೊಳ್ಳುವ ಅಧಿಕಾರವಾಗಲಿ ಅವರ ಕೈಯಲ್ಲಿರಲಿಲ್ಲ. ಧಾನ್ಯವಿದ್ದದ್ದು ಜಮೀನುದಾರರ ಕಣಜಗಳಲ್ಲಿ, ಮತ್ತು ಆ ಜಮೀನುದಾರರಲ್ಲಿ ಅನೇಕರು ಭಾನುವಾರದ ಆರಾಧನೆಗೆ ತಪ್ಪದೆ ಬರುವ ಕ್ರೈಸ್ತರೇ ಆಗಿದ್ದರು. ಈ ಪ್ರಕರಣವನ್ನು ವಿವರವಾಗಿ ನೋಡಬೇಕೆನಿಸುವುದು ಈ ಕಾರಣಕ್ಕೆ: ಇಲ್ಲಿ ಬಡವರ ಹಸಿವಿಗೂ ಊಟಕ್ಕೂ ನಡುವೆ ಅಡ್ಡವಾಗಿ ನಿಂತದ್ದು ಅನ್ಯಮತದ ಅರಸನಲ್ಲ, ಸಭೆಯೊಳಗಿನ ಭಕ್ತರ ಬೀಗದ ಕೈ.

ಘಟನೆಯ ವಿವರಗಳು ಸಿಗುವುದು ಬೆಸಿಲರದೇ ಪ್ರಸಂಗಗಳಲ್ಲಿ, ಅಂದರೆ ಆರಾಧನೆಯಲ್ಲಿ ಮಾಡಿದ ಬೋಧನೆಗಳಲ್ಲಿ, ಅವರು ತೀರಿಕೊಂಡ ಮೇಲೆ ಗೆಳೆಯರಾದ ನಾಜಿಯಾಂಜಸ್‌ನ ಗ್ರೆಗರಿಯವರು ಮಾಡಿದ ದೀರ್ಘ ಚರಮಭಾಷಣದಲ್ಲಿ, ಮತ್ತು ತಮ್ಮನಾದ ನಿಸ್ಸಾದ ಗ್ರೆಗರಿಯವರ ಬರಹಗಳಲ್ಲಿ. ಮೂವರೂ ಒಂದೇ ಬಳಗದವರು. ಹೊರಗಿನವರ ಸಾಕ್ಷ್ಯವಿಲ್ಲ, ಎಷ್ಟು ಜನ ಸತ್ತರು, ಎಷ್ಟು ಜನ ಉಂಡರು ಎಂಬ ಲೆಕ್ಕವನ್ನು ಮೂವರಲ್ಲಿ ಯಾರೂ ಕೊಡುವುದಿಲ್ಲ. ಚರಮಭಾಷಣವೆಂದರೆ ಹೊಗಳಿಕೆಯ ಪ್ರಕಾರ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅದನ್ನು ಓದಬೇಕು. ಪ್ರಸಂಗಗಳ ವಿಷಯ ಹಾಗಲ್ಲ. ಅವು ಬರದ ದಿನಗಳಲ್ಲಿ ಎದುರಿಗೆ ಕುಳಿತವರ ಮುಖ ನೋಡಿ ಆಡಿದ ಮಾತುಗಳಾದ್ದರಿಂದ, ಅವುಗಳಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟವಿತ್ತು.

ಮಳೆಯ ಬರ, ಬೆಲೆಯ ಬರ

ಕಪ್ಪದೋಕ್ಯ ಎತ್ತರದ ಒಳನಾಡು. ಚಳಿಗಾಲದ ಹಿಮ ಮತ್ತು ವಸಂತದ ಮಳೆಯನ್ನು ನಂಬಿದ ಬೇಸಾಯ ಅಲ್ಲಿನದು. ಆ ವರ್ಷ ಚಳಿಗಾಲ ಹಿಮವನ್ನೂ ಮಳೆಯನ್ನೂ ತರದೆ ಬರೀ ಒಣಚಳಿಯಾಗಿ ಕಳೆಯಿತು, ವಸಂತದಲ್ಲಿ ಬಿಸಿಲು ಬಂತೇ ಹೊರತು ತೇವ ಬರಲಿಲ್ಲ. ‘ಬರ ಮತ್ತು ಕ್ಷಾಮದ ಕಾಲದಲ್ಲಿ’ ಎಂಬ ಹೆಸರಿನಿಂದ ಉಳಿದುಬಂದಿರುವ ಪ್ರಸಂಗದಲ್ಲಿ ಬೆಸಿಲರು ತಾವು ಕಂಡದ್ದನ್ನು ಹೇಳುತ್ತಾರೆ. ಮೋಡದ ಸುಳಿವೇ ಇಲ್ಲದ ಬೆತ್ತಲೆ ಆಕಾಶ, ಬಾಯ್ಬಿಟ್ಟ ನೆಲ, ಬತ್ತಿದ ಒರತೆಗಳು. ರೈತರು ಹೊಲದಲ್ಲಿ, ಸಾವಿನ ಮನೆಯವರು ಕೂರುವ ರೀತಿಯಲ್ಲಿ, ಮೊಣಕಾಲುಗಳನ್ನು ಕೈಯಿಂದ ಬಳಸಿ ಕುಳಿತಿದ್ದಾರೆ. ಎಳೆಯ ಮಕ್ಕಳನ್ನು ನೋಡಿ ಅಳುತ್ತಾರೆ, ಹೆಂಡತಿಯರ ಕಡೆ ನೋಡಿ ಗೋಳಿಡುತ್ತಾರೆ, ಪೈರಿನ ಒಣಗಿದ ಎಲೆಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಾರೆ.

ಇದು ಬರದ ಅರ್ಧ ಮಾತ್ರ. ಉಳಿದ ಅರ್ಧವನ್ನು ನಾಜಿಯಾಂಜಸ್‌ನ ಗ್ರೆಗರಿಯವರು ಹೇಳುವ ಪರಿ ಅರ್ಥಶಾಸ್ತ್ರದ ಪಾಠಕ್ಕೆ ಹತ್ತಿರವಾಗಿದೆ. ಕಡಲ ದಡದ ಊರುಗಳು ಇಂಥ ಕೊರತೆಯನ್ನು ಹೇಗೋ ತಾಳಿಕೊಳ್ಳುತ್ತವೆ, ಏಕೆಂದರೆ ತಮ್ಮಲ್ಲಿರುವುದನ್ನು ಕೊಟ್ಟು ಇಲ್ಲದ್ದನ್ನು ಹಡಗಿನಲ್ಲಿ ತರಿಸಿಕೊಳ್ಳಬಹುದು. ಒಳನಾಡಿನವರಿಗಾದರೋ ಹೆಚ್ಚಾದದ್ದನ್ನು ಮಾರುವ ದಾರಿಯೂ ಇಲ್ಲ, ಕಡಿಮೆಯಾದದ್ದನ್ನು ತರಿಸುವ ದಾರಿಯೂ ಇಲ್ಲ ಎನ್ನುತ್ತಾರೆ ಅವರು. ಎತ್ತಿನ ಗಾಡಿಯಲ್ಲಿ ಗುಡ್ಡಗಾಡಿನ ದಾರಿ ಹಿಡಿದು ದೂರದಿಂದ ಬರುವ ಧಾನ್ಯಕ್ಕೆ ಸಾಗಣೆಯ ಖರ್ಚೇ ಧಾನ್ಯದ ಬೆಲೆಯನ್ನು ಮೀರುತ್ತಿದ್ದ ಕಾಲ ಅದು. ಹಾಗಾಗಿ ಊರ ಕಣಜಗಳಲ್ಲಿ ಹಿಂದಿನ ಸುಗ್ಗಿಯ ದಾಸ್ತಾನು ಇಟ್ಟುಕೊಂಡವರ ಕೈಯಲ್ಲಿ ಊರಿನ ಪ್ರಾಣವೇ ಇದ್ದಂತಾಯಿತು. ಅವರು ಕಾದು ಕುಳಿತರು. ಇಂದು ಮಾರಿದರೆ ಬರುವುದಕ್ಕಿಂತ ಬರುವ ತಿಂಗಳು ಹೆಚ್ಚು ಬರುತ್ತದೆ ಎಂದು ಗೊತ್ತಿದ್ದವರು ಎಲ್ಲ ಕಾಲದಲ್ಲೂ ಮಾಡುವುದು ಅದನ್ನೇ. ಬರಗಾಲದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದ್ದವರ ಕಲ್ಲುತನ, ಅವರು ಇಂಥ ಹೊತ್ತನ್ನೇ ಹೊಂಚಿ ಕೊರತೆಯಲ್ಲಿ ಲಾಭ ಬೆಳೆದುಕೊಳ್ಳುತ್ತಾರೆ ಎಂಬುದು ಗ್ರೆಗರಿಯವರ ಮಾತಿನ ಸಾರ.

ಇಂಥ ಸಂದರ್ಭದಲ್ಲಿ ಸರಕಾರ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಏಳುವುದು ಸಹಜ. ಯಾವ ಕಡೆಯಿಂದಲೂ ನೆರವು ಬರಲಿಲ್ಲ ಎಂದಷ್ಟೇ ಗ್ರೆಗರಿಯವರು ಹೇಳಿ ಮುಂದೆ ಹೋಗುತ್ತಾರೆ.

ಬೆಸಿಲರ ಹಿನ್ನೆಲೆ

ಬೆಸಿಲರು ಬಡವರ ಮನೆಯಲ್ಲಿ ಹುಟ್ಟಿದವರಲ್ಲ. ಅವರ ತಾಯಿ ಎಮ್ಮೆಲಿಯಾ ಮೂರು ಪ್ರಾಂತಗಳಲ್ಲಿ ಹರಡಿದ್ದ ಆಸ್ತಿಗಾಗಿ ಮೂವರು ಅಧಿಕಾರಿಗಳಿಗೆ ಕಂದಾಯ ಕಟ್ಟುತ್ತಿದ್ದರೆಂದು ತಮ್ಮನಾದ ನಿಸ್ಸಾದ ಗ್ರೆಗರಿಯವರು ಬರೆದಿದ್ದಾರೆ. ಕೈಸರೈಯ, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್‌ಗಳಲ್ಲಿ ಓದಿ ವಾಗ್ಮಿಯಾಗಿ ಊರಿಗೆ ಮರಳಿದ ಬೆಸಿಲರು, ನಿನಗಿರುವುದನ್ನು ಮಾರಿ ಬಡವರಿಗೆ ಕೊಡು ಎಂಬ ಯೇಸುಸ್ವಾಮಿಯ ಮಾತನ್ನು ತಮಗೇ ಹೇಳಿದ್ದೆಂದು ತೆಗೆದುಕೊಂಡರು. ಈಜಿಪ್ಟ್, ಪಾಲೆಸ್ತೀನ, ಸಿರಿಯಾ ದೇಶಗಳ ಸನ್ಯಾಸಿಗಳನ್ನು ಕಂಡುಬಂದರು. ಪೊಂತ ಪ್ರಾಂತದ ಕಾಡಂಚಿನಲ್ಲಿ ತಪಸ್ಸಿಗೆ ಕುಳಿತರು. ಪಿತ್ರಾರ್ಜಿತದ ಬಹುಭಾಗವನ್ನು ಪಾದ್ರಿಯಾಗುವ ಮೊದಲೂ, ಮುಖ್ಯವಾಗಿ ಈ ಬರದ ಕಾಲದಲ್ಲೂ ಬಡವರಿಗಾಗಿ ಖರ್ಚುಮಾಡಿದರು. ಜಮೀನುದಾರರ ಮುಂದೆ ಅವರು ಆಡಿದ ಮಾತಿಗೆ ತೂಕ ಬಂದದ್ದು ಇಲ್ಲಿಂದ. ಎದುರಿಗೆ ಕುಳಿತವರು ಅವರದೇ ವರ್ಗದವರು. ಕಣಜದ ಒಳಗೆ ಏನೇನು ಲೆಕ್ಕಾಚಾರ ನಡೆಯುತ್ತದೆ ಎಂಬುದನ್ನು ಅವರು ಮನೆಯಲ್ಲೇ ನೋಡಿ ಬೆಳೆದಿದ್ದರು.

ಸುತ್ತಲಿನ ಕಾಲಮಾನದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. 362ರಲ್ಲಿ, ಅಂದರೆ ಬರಕ್ಕೆ ಕೆಲವೇ ವರ್ಷಗಳ ಹಿಂದೆ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿನಿಲ್ಲಿಸಲು ಹೊರಟ ಚಕ್ರವರ್ತಿ ಜೂಲಿಯನ್ ನೆರೆಯ ಗಲಾತ್ಯದ ಪ್ರಧಾನ ಅರ್ಚಕನಿಗೆ ಪತ್ರ ಬರೆದು, ಕ್ರೈಸ್ತರು ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿರುವುದು ನಮಗೆ ನಾಚಿಕೆ ಎಂದು ಸಿಟ್ಟಾಗಿದ್ದ. ಪ್ರತಿ ಊರಿನಲ್ಲೂ ಛತ್ರ ಕಟ್ಟಿಸೆಂದು ಹೇಳಿ, ಗಲಾತ್ಯಕ್ಕೆ ವರ್ಷಕ್ಕೆ 30,000 ಅಳತೆ ಧಾನ್ಯವನ್ನು ಮಂಜೂರು ಮಾಡಿದ್ದ. ವೈರಿಯ ಬಾಯಿಂದ ಬಂದ ಈ ಹೊಗಳಿಕೆಯನ್ನು ಸಭೆಯ ಚರಿತ್ರೆಕಾರರು ಸಂತೋಷದಿಂದ ಉದ್ಧರಿಸುತ್ತಾರೆ. ಆದರೆ ಏಳೆಂಟು ವರ್ಷಗಳಲ್ಲೇ ಅದೇ ಸಭೆಯ ಶ್ರೀಮಂತರು ಕಣಜಕ್ಕೆ ಬೀಗ ಜಡಿದು ಕುಳಿತದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ, ಔದಾರ್ಯವೆನ್ನುವುದು ಒಂದು ಧರ್ಮಕ್ಕೆ ಒಮ್ಮೆ ಬಂದು ನೆಲೆಸಿಬಿಡುವ ಗುಣವಲ್ಲ ಎನಿಸುತ್ತದೆ.

ಏನು ಹೇಳಿದರು

ಈ ಬರದೊಂದಿಗೆ ಸಾಮಾನ್ಯವಾಗಿ ಸೇರಿಸಿ ಓದುವ ಪ್ರಸಂಗಗಳು ಮೂರು: ಮೇಲೆ ಹೇಳಿದ ಬರದ ಪ್ರಸಂಗ, ಲೂಕನ ಸುವಾರ್ತೆಯ 12ನೇ ಅಧ್ಯಾಯದ ಐಶ್ವರ್ಯವಂತನನ್ನು ಕುರಿತದ್ದು, ಮತ್ತು ಯೇಸುವಿನ ಬಳಿಗೆ ಬಂದು ದುಃಖಿಸುತ್ತಾ ಹಿಂದಿರುಗಿದ ಶ್ರೀಮಂತ ಯುವಕನನ್ನು ಕುರಿತದ್ದು.

ಲೂಕನ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ), ಭೂಮಿ ಚೆನ್ನಾಗಿ ಬೆಳೆದ ಐಶ್ವರ್ಯವಂತನು ‘ನಾನೇನು ಮಾಡಲಿ?’ ಎಂದುಕೊಳ್ಳುತ್ತಾನೆ, ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಲು ಯೋಚಿಸುತ್ತಾನೆ. ಬೆಸಿಲರು ಆ ಎರಡು ಪದಗಳ ಮೇಲೆಯೇ ಕೈಯಿಡುತ್ತಾರೆ: ‘ನಾನೇನು ಮಾಡಲಿ’ ಎನ್ನುವುದು ತಿನ್ನಲು ಇಲ್ಲದವನ ಮಾತು, ಉಣ್ಣಲಾರದಷ್ಟು ಇರುವವನೂ ಅದೇ ಮಾತನ್ನಾಡುತ್ತಿದ್ದಾನೆ. ಕಣಜ ಬೇಕೆ, ಬಡವರ ಹೊಟ್ಟೆಗಳಿವೆಯಲ್ಲ ಎಂದು ಅವರು ಕೇಳುತ್ತಾರೆ. ಅಲ್ಲಿಂದ ಮಾತು ನೇರವಾಗಿ ಪೇಟೆಗೆ ಇಳಿಯುತ್ತದೆ. ಧಾನ್ಯ ತುಟ್ಟಿಯಾಗಲೆಂದು ಕಾಯಬೇಡ, ಧಾನ್ಯವನ್ನು ಬಿಗಿಹಿಡಿಯುವವನನ್ನು ಜನ ಶಪಿಸುತ್ತಾರೆಂದು ಬೈಬಲಿನ ಜ್ಞಾನೋಕ್ತಿ ಹೇಳಿದೆ; ಚಿನ್ನಕ್ಕಾಗಿ ಬರವನ್ನು ಎದುರುನೋಡಬೇಡ, ಜನರ ಕಷ್ಟವನ್ನು ವ್ಯಾಪಾರದ ಸರಕು ಮಾಡಿಕೊಳ್ಳಬೇಡ ಎಂದು ಎಚ್ಚರಿಸುತ್ತಾರೆ. ಪ್ರಸಂಗದ ಕೊನೆಯ ಭಾಗದಲ್ಲಿ ಬರುವ ವಾದವಂತೂ ಪ್ರಸಿದ್ಧವಾಗಿದೆ: ನೀನು ಹಿಡಿದಿಟ್ಟುಕೊಂಡ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಂಗಿ ಬಟ್ಟೆಯಿಲ್ಲದವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಜೋಡು ಬರಿಗಾಲಿನವನದು. ಉಟ್ಟದ್ದನ್ನು ಕಿತ್ತುಕೊಳ್ಳುವವನನ್ನು ಕಳ್ಳನೆನ್ನುವುದಾದರೆ, ಉಡಿಸಲು ಶಕ್ತಿಯಿದ್ದೂ ಉಡಿಸದವನಿಗೆ ಬೇರೆ ಹೆಸರೇಕೆ?

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಈ ವಾಕ್ಯಗಳಲ್ಲಿದೆ. ದಾನ ಮಾಡಿದರೆ ಪುಣ್ಯ ಎಂದು ಹೇಳಿದ್ದರೆ, ಜಮೀನುದಾರರು ಒಂದೆರಡು ಅಳತೆ ಧಾನ್ಯ ಅಳೆದುಕೊಟ್ಟು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ದಾಸ್ತಾನೇ ಅಪಹಾರ ಎಂದಾಗ ಆ ದಾರಿ ಮುಚ್ಚಿಹೋಗುತ್ತದೆ. ಉಳಿಸಿಕೊಂಡ ಪ್ರತಿ ಅಳತೆಗೂ ಉತ್ತರ ಕೊಡಬೇಕಾಗುತ್ತದೆ.

ಆದರೂ ವಾದವೊಂದರಿಂದಲೇ ಕಣಜ ತೆರೆಯುತ್ತದೆಂದು ಅಥೆನ್ಸ್‌ನಲ್ಲಿ ವಾಕ್ಚಾತುರ್ಯ ಕಲಿತವರು ನಂಬಿರಲಾರರು. ಅದೇ ಪ್ರಸಂಗದಲ್ಲಿ ಅವರು ಮಗುವನ್ನು ಮಾರಲು ಪೇಟೆಗೆ ಹೊರಟ ತಂದೆಯೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಮನೆಯಲ್ಲಿ ಹುಡುಕಿದರೆ ಕಾಸಿಲ್ಲ, ಮಾರುವಂಥ ಪಾತ್ರೆ ಪದಾರ್ಥಗಳಿಲ್ಲ. ಕಣ್ಣು ಮಕ್ಕಳ ಮೇಲೆ ಬೀಳುತ್ತದೆ. ಯಾರನ್ನು ಮಾರುವುದು? ಹಿರಿಯವನನ್ನೆಂದರೆ ಹಿರಿತನಕ್ಕೆ ಅಂಜಿಕೆ, ಕಿರಿಯವನನ್ನೆಂದರೆ ಏನೂ ಅರಿಯದ ಎಳೆತನ. ಒಬ್ಬನ ಮುಖದಲ್ಲಿ ಹೆತ್ತವರ ಚಹರೆ, ಇನ್ನೊಬ್ಬನಿಗೆ ಓದಿನಲ್ಲಿ ಜಾಣತನ. ಎಲ್ಲರನ್ನೂ ಉಳಿಸಿಕೊಂಡರೆ ಎಲ್ಲರೂ ಸಾಯುತ್ತಾರೆ. ಒಬ್ಬನನ್ನು ಕೊಟ್ಟರೆ ಉಳಿದವರ ಕಣ್ಣೆದುರು ಹೇಗೆ ನಿಲ್ಲುವುದು, ಆ ಬೆಲೆಯಿಂದ ಬಂದ ಊಟಕ್ಕೆ ಹೇಗೆ ಕೂರುವುದು? ಕೊನೆಗೆ ಕಣ್ಣೀರಿಡುತ್ತಾ ಅವನು ಹೊರಡುತ್ತಾನೆ. ಕೊಳ್ಳುವವನಾದರೋ ಬೆಲೆ ಚೌಕಾಸಿಗೆ ನಿಲ್ಲುತ್ತಾನೆ. ಕೇಳುತ್ತಿದ್ದವರಲ್ಲಿ ಕೊಳ್ಳುವವರೂ ಇದ್ದಿರಬಹುದು ಎಂಬುದನ್ನು ನೆನೆದರೆ ಈ ಚಿತ್ರದ ಮೊನೆ ಎತ್ತ ತಿರುಗಿದೆಯೆಂದು ತಿಳಿಯುತ್ತದೆ.

ಬರದ ಪ್ರಸಂಗದಲ್ಲಿ ಹಸಿವಿನ ವರ್ಣನೆ ವೈದ್ಯರ ಟಿಪ್ಪಣಿಯ ಹಾಗಿದೆ. ಮೈಯ ಕಾವು ಆರುತ್ತದೆ, ಚರ್ಮ ಜೇಡರ ಬಲೆಯಂತೆ ಎಲುಬಿಗೆ ಅಂಟುತ್ತದೆ, ಮೈಬಣ್ಣ ಕಂದಿ ಕಪ್ಪಿಡುತ್ತದೆ, ಕಣ್ಣುಗಳು ಚಿಪ್ಪಿನೊಳಗೆ ಒಣಗಿದ ಬೀಜದಂತೆ ಗುಳಿಗೆ ಇಳಿಯುತ್ತವೆ, ಹೊಟ್ಟೆ ಬೆನ್ನಿಗೆ ಹತ್ತುತ್ತದೆ. ಖಡ್ಗವೂ ಬೆಂಕಿಯೂ ಬೇಗ ಮುಗಿಸುತ್ತವೆ, ಹಸಿವು ಮಾತ್ರ ಕೊಲ್ಲುವುದನ್ನು ಮುಂದೂಡುತ್ತಾ ಹೋಗುತ್ತದೆ ಎನ್ನುತ್ತಾರೆ. ಅದೇ ಪ್ರಸಂಗದಲ್ಲಿ ಪ್ರಾರ್ಥನೆಗೆ ಬಂದವರ ಮೇಲೂ ಒಂದು ಚಾಟಿಯೇಟಿದೆ: ಬಂದದ್ದೇ ಕೆಲವರು, ಅವರೂ ಆಕಳಿಸುತ್ತಾ ಅತ್ತಿತ್ತ ನೋಡುತ್ತಾ ಕೀರ್ತನೆ ಯಾವಾಗ ಮುಗಿದೀತೆಂದು ಸೆರೆಮನೆಯಲ್ಲಿರುವವರಂತೆ ಕಾಯುತ್ತಿದ್ದಾರೆ, ಶಾಲೆಯ ಹುಡುಗರು ಪುಸ್ತಕ ಬದಿಗಿಟ್ಟು ರಜೆ ಸಿಕ್ಕಿತೆಂಬ ಖುಷಿಯಲ್ಲಿ ಜೊತೆಗೆ ಹಾಡುತ್ತಿದ್ದಾರೆ, ತಪ್ಪು ಮಾಡಿದ ದೊಡ್ಡವರು ಊರಲ್ಲಿ ಹಾಯಾಗಿ ಓಡಾಡಿಕೊಂಡಿದ್ದಾರೆ. ಶ್ರೀಮಂತ ಯುವಕನನ್ನು ಕುರಿತ ಪ್ರಸಂಗದಲ್ಲಿ ಇದೇ ಮಾತು ಇನ್ನೂ ಹರಿತವಾಗುತ್ತದೆ. ಉಪವಾಸ, ಪ್ರಾರ್ಥನೆ, ನಿಟ್ಟುಸಿರು ಮುಂತಾದ ಖರ್ಚಿಲ್ಲದ ಭಕ್ತಿಯನ್ನೆಲ್ಲ ಮಾಡಿ, ಕಷ್ಟದಲ್ಲಿರುವವರಿಗೆ ಒಂದು ಕಾಸನ್ನೂ ಬಿಚ್ಚದವರು ಎಷ್ಟೋ ಜನರನ್ನು ಬಲ್ಲೆ ಎಂದು ಅವರು ಹೇಳುತ್ತಾರೆ. ಸತ್ತ ಮೇಲೆ ಬಡವರಿಗೆ ಸೇರಲೆಂದು ಮರಣಪತ್ರ ಬರೆದಿಡುವವರನ್ನೂ ಬಿಡುವುದಿಲ್ಲ. ಆ ಉಪಕಾರಕ್ಕೆ ನಿಮಗಲ್ಲ, ಸಾವಿಗೆ ಕೃತಜ್ಞತೆ ಹೇಳಬೇಕು ಎನ್ನುತ್ತಾರೆ.

ಬರ ಏಕೆ ಬಂತೆಂಬ ಪ್ರಶ್ನೆಗೆ ಅವರ ಉತ್ತರ ಆ ಕಾಲದ್ದು: ಜನರ ಪಾಪಕ್ಕೆ ದೇವರು ಆಕಾಶವನ್ನು ಮುಚ್ಚಿದ್ದಾನೆ. ಇಂದಿನ ಓದುಗರಿಗೆ ಇದು ಒಪ್ಪಿಗೆಯಾಗದು, ಮತ್ತು ಇಂಥ ವಿವರಣೆ ಎಷ್ಟೋ ಸಲ ನರಳುವವರ ತಲೆಗೇ ತಪ್ಪನ್ನು ಕಟ್ಟಿದೆ. ಬೆಸಿಲರು ಅದನ್ನು ಬಳಸಿದ ರೀತಿ ಬೇರೆ. ನಾವು ಪಡೆಯುತ್ತೇವೆ, ಕೊಡುವುದಿಲ್ಲ. ನಮ್ಮ ಕೈ ಮುಚ್ಚಿದ್ದರಿಂದ ಆಕಾಶವೂ ಮುಚ್ಚಿತು ಎಂದು ಹೇಳಿ, ಪಾಪದ ಪಟ್ಟಿಯ ಮೊದಲ ಸಾಲಿಗೆ ದಾಸ್ತಾನನ್ನೂ ಬಡ್ಡಿಯನ್ನೂ ತರುತ್ತಾರೆ. ಪರಿಹಾರವಾಗಿ ಅನ್ಯಾಯದ ಸಾಲಪತ್ರವನ್ನು ಹರಿದುಹಾಕೆಂದು ಕೇಳುತ್ತಾರೆ. ಆದಾಮನು ತಿನ್ನಬಾರದ್ದನ್ನು ತಿಂದು ತಂದ ಪಾಪವನ್ನು ಹಸಿದವನಿಗೆ ಉಣಿಸುವುದರಿಂದ ಅಳಿಸಬಹುದು ಎನ್ನುತ್ತಾರೆ.

ಬಡವರಿಗೂ ಅವರು ರಿಯಾಯಿತಿ ಕೊಡಲಿಲ್ಲ ಎಂಬುದು ನನಗೆ ಆಶ್ಚರ್ಯ ತಂದ ಅಂಶ. ನೀನು ಬಡವನೇ? ನಿನಗಿಂತ ಬಡವನೊಬ್ಬನಿದ್ದಾನೆ, ನಿನ್ನಲ್ಲಿ ಹತ್ತು ದಿನಕ್ಕಾಗುವಷ್ಟಿದೆ, ಅವನಲ್ಲಿ ಒಂದು ದಿನಕ್ಕಾಗುವಷ್ಟು. ಮನೆಯಲ್ಲಿ ಒಂದೇ ರೊಟ್ಟಿ ಉಳಿದಿದ್ದು ಬಾಗಿಲಲ್ಲಿ ಬೇಡುವವನು ನಿಂತರೆ, ಆ ರೊಟ್ಟಿಯನ್ನು ಹೊರಗೆ ತಂದು, ಎರಡು ಕೈಯಲ್ಲಿ ಮೇಲೆತ್ತಿ ಕರ್ತನಿಗೆ ತೋರಿಸಿ, ಅನಂತರ ಕೊಡು. ಚಾರೆಪ್ತದ ವಿಧವೆ ಕೊನೆಯ ಹಿಟ್ಟಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ಕಥೆಯನ್ನು ಇಲ್ಲಿ ನೆನಪಿಸುತ್ತಾರೆ. ಈ ಬುದ್ಧಿಮಾತು ಹೊಟ್ಟೆ ತುಂಬಿದವನ ಬಾಯಿಂದ ಬಂದಿದ್ದರೆ ಕ್ರೂರವೆನಿಸುತ್ತಿತ್ತು. ಆಸ್ತಿ ಹಂಚಿ ಕುಳಿತವರು ಆಡಿದ್ದರಿಂದ, ಬಡವನನ್ನು ಬರೀ ಕೈಚಾಚುವವನಾಗಿ ಉಳಿಸದೆ ಕೊಡುವವರ ಪಂಕ್ತಿಯಲ್ಲಿ ಕೂರಿಸುವ ಮಾತಾಗಿಯೂ ಅದನ್ನು ಕೇಳಬಹುದು.

ಏನು ನಡೆಯಿತು

ಕಣಜಗಳು ತೆರೆದವು. ಅದು ಮಾತಿನಿಂದ, ಒತ್ತಾಯದ ಬೋಧನೆಯಿಂದ ಆಯಿತೆಂದು ನಾಜಿಯಾಂಜಸ್‌ನ ಗ್ರೆಗರಿಯವರು ಹೇಳುತ್ತಾರೆ. ಬೆಸಿಲರು ಹಸಿದವರನ್ನೆಲ್ಲ ಒಂದೇ ಕಡೆ ಸೇರಿಸಿದರು. ಗಂಡಸರು, ಹೆಂಗಸರು, ಕೂಸುಗಳು, ಮುದುಕರು, ಕೆಲವರಲ್ಲಿ ಉಸಿರಷ್ಟೇ ಉಳಿದಿತ್ತು. ಹಸಿವು ನೀಗುವ ಯಾವ ಪದಾರ್ಥ ಸಿಕ್ಕಿದರೂ ಸಂಗ್ರಹಿಸಿದರು. ಕೊಪ್ಪರಿಗೆಗಳಲ್ಲಿ ಬೇಳೆಕಾಳಿನ ಗಂಜಿ ಬೇಯಿಸಿ, ಅಲ್ಲಿನ ಬಡವರು ಉಣ್ಣುವ ಉಪ್ಪು ಹಾಕಿಟ್ಟ ಮಾಂಸವನ್ನು ಜೊತೆಗಿಟ್ಟು ಬಡಿಸಿದರು. ಶಿಷ್ಯರ ಕಾಲು ತೊಳೆದ ಯೇಸುವಿನಂತೆ ತಾವೇ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಆಳುಗಳನ್ನೂ ಜೊತೆಸೇವಕರನ್ನೂ ಸೇರಿಸಿಕೊಂಡು ಬಂದವರ ಆರೈಕೆ ಮಾಡಿದರು. ನಮ್ಮ ಕಡೆಯ ಬರಗಾಲದ ಗಂಜಿ ಕೇಂದ್ರಗಳನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವೇನಲ್ಲ.

ಗ್ರೆಗರಿಯವರು ಇಲ್ಲಿ ಯೋಸೇಫನನ್ನು ನೆನೆದು ತಕ್ಷಣ ಒಂದು ವ್ಯತ್ಯಾಸ ತೋರುತ್ತಾರೆ. ಆದಿಕಾಂಡದ ಯೋಸೇಫನು ಬರದಲ್ಲಿ ಧಾನ್ಯ ಕೊಟ್ಟನು ನಿಜ. ಅದಕ್ಕೆ ಬದಲಾಗಿ ಈಜಿಪ್ಟಿನವರ ದನಕರು, ಹೊಲ, ಕೊನೆಗೆ ಅವರ ಮೈಗಳೂ ಅಲ್ಲಿನ ಅರಸ ಫರೋಹನ ಪಾಲಾದವು. ಬೆಸಿಲರ ಊಟಕ್ಕೆ ಅಂಥ ಬೆಲೆ ಇರಲಿಲ್ಲ.

ಕೈಸರೈಯದಿಂದ ದೂರದಲ್ಲಿ, ಪೊಂತದ ಅನ್ನೇಸಿಯಲ್ಲಿದ್ದ ಮನೆತನದ ಆಸ್ತಿಯಲ್ಲೂ ಇಂಥದೇ ಕೆಲಸ ನಡೆಯಿತು, ಅದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿ ಅಕ್ಕ ಮಕ್ರೀನಾ ಸನ್ಯಾಸಿನಿಯರ ಸಮುದಾಯ ನಡೆಸುತ್ತಿದ್ದರು. ಧಾನ್ಯ ಸಿಗದ ದಿನಗಳಲ್ಲಿ ಕಿರಿಯ ತಮ್ಮ ಪೀಟರ್ ಅಲ್ಲಿಗೆ ಬಂದವರಿಗೆಲ್ಲ ಊಟ ಹೊಂದಿಸಿದರು, ಜನಸಂದಣಿಯಿಂದ ಆ ಕಾಡುಜಾಗ ಪಟ್ಟಣದಂತೆ ಕಂಡಿತು ಎಂದು ನಿಸ್ಸಾದ ಗ್ರೆಗರಿಯವರು ಬರೆಯುತ್ತಾರೆ. ಮಕ್ರೀನಾ ತೀರಿಕೊಂಡಾಗ ಎಲ್ಲರಿಗಿಂತ ಹೆಚ್ಚು ಗೋಳಾಡಿ ಅತ್ತವರು, ಬರದಲ್ಲಿ ದಾರಿಯ ಬದಿಯಲ್ಲಿ ಬಿದ್ದಿದ್ದಾಗ ಆಕೆ ಎತ್ತಿ ತಂದು ಸಾಕಿದ ಹೆಣ್ಣುಗಳು. ಪ್ರಸಂಗ ಮಾಡುವ ಅವಕಾಶವೇ ಇರದ ಹೆಣ್ಣುಮಗಳೊಬ್ಬಳ ಈ ಕೆಲಸಕ್ಕೆ ತಮ್ಮಂದಿರ ಭಾಷಣಗಳಷ್ಟೇ ತೂಕ ಕೊಡಬೇಕು.

ಏನು ಉಳಿಯಿತು, ಏನು ಉಳಿಯಲಿಲ್ಲ

ಕೊರತೆಗಳನ್ನು ಮುಚ್ಚಿಡಬಾರದು. ಮಗುವನ್ನು ಕೊಳ್ಳುವವನ ಚೌಕಾಸಿಯನ್ನು ಬೆಸಿಲರು ಖಂಡಿಸಿದರೇ ಹೊರತು, ಮಗುವನ್ನು ಕೊಂಡು ದಾಸನನ್ನಾಗಿ ಮಾಡಿಕೊಳ್ಳಬಹುದೆಂಬ ವ್ಯವಸ್ಥೆಯನ್ನು ಕಿತ್ತೊಗೆಯಬೇಕೆಂದು ಕೇಳಲಿಲ್ಲ. ಮನುಷ್ಯನನ್ನು ಮಾರಲು ನೀನು ಯಾರು ಎಂಬ ನೇರ ಪ್ರಶ್ನೆ ಮುಂದೆ ನಿಸ್ಸಾದ ಗ್ರೆಗರಿಯವರಿಂದ ಬಂತು. ಕಂದಾಯದ ಭಾರ, ಜಮೀನಿನ ಹಂಚಿಕೆ ಇವು ಹಾಗೆಯೇ ಉಳಿದವು. ಮುಂದಿನ ಬರಕ್ಕೂ ಅದೇ ಕಣಜಗಳು, ಅದೇ ಒಡೆಯರು.

ಬದಲಾದದ್ದು ಬೆಸಿಲರ ಕೆಲಸದ ರೀತಿ. ಧರ್ಮಾಧ್ಯಕ್ಷರಾದ ಮೇಲೆ ಅವರು ಊರ ಹೊರಗೆ ಕಟ್ಟಡಗಳ ಒಂದು ಸಮುಚ್ಚಯವನ್ನೇ ಎಬ್ಬಿಸಿದರು. ಪ್ರಾಂತಾಧಿಕಾರಿ ಎಲಿಯಾಸ್‌ಗೆ ಬರೆದ ಪತ್ರದಲ್ಲಿ ಅದರ ವಿವರವಿದೆ: ಆರಾಧನೆಯ ಮಂದಿರ, ಪಾದ್ರಿಗಳ ಮನೆಗಳು, ದಾರಿಹೋಕರಿಗೆ ತಂಗುದಾಣ, ರೋಗಿಗಳಿಗೆ ವೈದ್ಯರೂ ದಾದಿಯರೂ, ಹೇರು ಹೊರುವ ಪ್ರಾಣಿಗಳು, ಕಸುಬುಗಳಿಗೆ ಕಾರ್ಯಾಗಾರಗಳು. ಪತ್ರದ ಧಾಟಿ ಸಮರ್ಥನೆಯದು, ಏಕೆಂದರೆ ಇದರಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುತ್ತಿದೆಯೆಂದು ಯಾರೋ ಅಧಿಕಾರಿಯ ಕಿವಿಗೆ ಹಾಕಿದ್ದರು. ಊರು ಅಟ್ಟಿಬಿಟ್ಟಿದ್ದ ಕುಷ್ಠರೋಗಿಗಳಿಗೂ ಅಲ್ಲಿ ಜಾಗ ಸಿಕ್ಕಿತು. ಬೆಸಿಲರು ಅವರನ್ನು ಅಪ್ಪಿ ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದರು. ಬೆಸಿಲರೊಂದಿಗೆ ಧರ್ಮತತ್ತ್ವದ ವಿಷಯದಲ್ಲಿ ಜಗಳವಾಡಿದ್ದ ಚಕ್ರವರ್ತಿ ವಾಲೆನ್ಸ್ ಕೂಡ ಅವರ ಆರೈಕೆಯಲ್ಲಿದ್ದ ಬಡವರಿಗಾಗಿ ಜಮೀನು ಕೊಟ್ಟನೆಂದು ಚರಿತ್ರೆಕಾರ ಥಿಯೊಡೊರೆಟ್ ಬರೆದಿದ್ದಾನೆ. ಬಡವರ ಮನೆಗಳಿಗೆ ಕಂದಾಯದಿಂದ ವಿನಾಯಿತಿ ಬೇಡುವ ಬೆಸಿಲರ ಪತ್ರಗಳೂ ಉಳಿದಿವೆ. ದಾಸ್ತಾನುಗಾರರನ್ನು ಗದರಿಸಿದ ಕೈಯೇ ಲೆಕ್ಕಪತ್ರದ ಅಧಿಕಾರಿಗೆ ಬಿನ್ನಹ ಬರೆಯಬೇಕಾಯಿತು.

ಸಂಸ್ಥೆ ಬಂದಮೇಲೆ ಕೊಡುವ ಮಾತೂ ಬದಲಾಯಿತು. ಯುವ ಸ್ನೇಹಿತನೊಬ್ಬನ ಹೆಸರಿನಲ್ಲಿ ಬರೆದ ಪತ್ರವೊಂದರಲ್ಲಿ ಬೆಸಿಲರ ಅಭಿಪ್ರಾಯ ಹೀಗೆ ದಾಖಲಾಗಿದೆ: ನಿಜವಾಗಿ ಕಷ್ಟದಲ್ಲಿರುವವನನ್ನೂ ದುರಾಸೆಯಿಂದ ಬೇಡುವವನನ್ನೂ ಬೇರ್ಪಡಿಸಲು ಅನುಭವ ಬೇಕು, ಅಲೆಮಾರಿ ಬೇಡುವವರಿಗೆಲ್ಲ ಕೊಡುವುದು ನಾಯಿಗೆ ಎಸೆದ ಹಾಗೆ, ಆದ್ದರಿಂದ ಕೊಡುವವನು ಹಂಚಿಕೆಯನ್ನು ಬಲ್ಲವರ ಕೈಗೆ ಒಪ್ಪಿಸಲಿ. ಒಂದೇ ರೊಟ್ಟಿಯನ್ನು ಬಾಗಿಲಿಗೆ ಬಂದವನಿಗೆ ಎತ್ತಿಕೊಡೆಂದವರು ಆಡಿದ ಮಾತು ಇದು. ದಿನವೂ ನೂರಾರು ಜನ ಬಂದು ನಿಲ್ಲುವ ಮನೆಯನ್ನು ನಡೆಸುವವನಿಗೆ ಇಂಥ ವಿವೇಚನೆ ಅನಿವಾರ್ಯವೆಂದು ಒಪ್ಪುತ್ತೇನೆ, ಆದರೆ ನಾಯಿಯ ಹೋಲಿಕೆ ಮಾತ್ರ ಕಹಿಯಾಗಿಯೇ ಉಳಿಯುತ್ತದೆ.

379ರ ಜನವರಿ 1ರಂದು ಬೆಸಿಲರು ತೀರಿಕೊಂಡರೆಂಬುದು ಸಂಪ್ರದಾಯ. ಐದನೆಯ ಶತಮಾನದಲ್ಲಿ ಸಭೆಯ ಚರಿತ್ರೆ ಬರೆದ ಸೊಜೊಮೆನ್, ಆ ಬಡವರ ಮನೆ ತನ್ನ ಕಾಲದಲ್ಲೂ ಸ್ಥಾಪಕರ ಹೆಸರಿನಿಂದ ‘ಬಸಿಲಿಯಾಸ್’ ಎಂದೇ ಕರೆಸಿಕೊಳ್ಳುತ್ತಿತ್ತೆಂದೂ, ಹಳ್ಳಿಗಳ ಧರ್ಮಾಧ್ಯಕ್ಷನಾಗಿದ್ದ ಪ್ರಪಿಡಿಯುಸ್ ಎಂಬ ಸನ್ಯಾಸಿ ಒಂದು ಕಾಲಕ್ಕೆ ಅದರ ಮೇಲ್ವಿಚಾರಣೆ ನೋಡಿಕೊಂಡಿದ್ದನೆಂದೂ ದಾಖಲಿಸಿದ್ದಾನೆ.